ಯೋಧನ ಪದವಿ ಮತ್ತು ದಾಖಲೆಯ ಪಾಠಶುದ್ಧಿ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಕೂಡುವ ಈ ಸಭೆಯಲ್ಲಿ ಕನ್ನಡ ಪಂಡಿತನೊಬ್ಬನು ಮಾತನಾಡಲು ನಿಂತರೆ ಪಂಪ ರನ್ನರನ್ನೋ, ವಚನಕಾರರನ್ನೋ, ದಾಸವರೇಣ್ಯರನ್ನೋ ಕುರಿತು ನಾಲ್ಕು ಮಾತು ಹೇಳುವನೆಂದು ತಾವು ನಿರೀಕ್ಷಿಸುವುದು ಸಹಜ. ಆದರೆ ಈ ದಿನ ನಾವು ಆರಿಸಿಕೊಂಡಿರುವ ವಿಷಯ ಬೇರೆ. ಸೈನ್ಯದಲ್ಲಿ ಸೇವೆ ಸಲ್ಲಿಸಿದವರ ಪದಕ, ಪ್ರಶಸ್ತಿಗಳ ಹಳೆಯ ದಾಖಲೆಗಳಲ್ಲಿ ಅವರ ಪದವಿಯು ತಪ್ಪಾಗಿ ಬರೆಯಲ್ಪಟ್ಟಿದ್ದರೆ ಅದನ್ನು ತಿದ್ದುವ ಬಗೆ ಹೇಗೆ, ತಿದ್ದಬೇಕಾದುದು ಯಾವುದು, ತಿದ್ದಬಾರದುದು ಯಾವುದು ಎಂಬುದೇ ಆ ವಿಷಯ. ಇದು ಕಚೇರಿಯ ಗುಮಾಸ್ತರ ಕೆಲಸ, ಪಂಡಿತರಿಗೇಕೆ ಎಂದು ಕೆಲವರು ಕೇಳಬಹುದು. ಓಲೆಗರಿಯ ಪ್ರತಿಗಳನ್ನು ಎದುರಿಗಿಟ್ಟುಕೊಂಡು ಲಿಪಿಕಾರನ ಕೈತಪ್ಪು ಯಾವುದು, ಕವಿಯ ಮಾತು ಯಾವುದು ಎಂದು ವಿಂಗಡಿಸುವುದನ್ನು ನಾವು ಪಾಠಶುದ್ಧಿಯೆನ್ನುತ್ತೇವೆ. ಇದೂ ಅದೇ ಜಾತಿಯ ಕೆಲಸ. ಅಲ್ಲದೆ ಈ ವಿಷಯದಲ್ಲಿ ನಾವೇ ಮಾಡಿದ ತಪ್ಪೊಂದನ್ನು ತಮ್ಮೆದುರಿನಲ್ಲಿ ಒಪ್ಪಿಕೊಳ್ಳಬೇಕಾದ ಋಣವೂ ನಮ್ಮ ಮೇಲಿದೆ.

ಕೃಷ್ಣಾತೀರದ ಒಂದು ಹಳ್ಳಿಯಲ್ಲಿ ನಿವೃತ್ತ ಯೋಧರೊಬ್ಬರಿದ್ದರು. ಮನೆಯವರ ಇಚ್ಛೆಯಂತೆ ಅವರ ಹೆಸರನ್ನು ನಾವು ಹೇಳುವುದಿಲ್ಲ. ಹೇಳದಿದ್ದರೂ ಇಲ್ಲಿ ಕುಳಿತವರಲ್ಲಿ ಅನೇಕರು ಅವರನ್ನು ಬಲ್ಲಿರಿ. ೧೯೭೧ರ ಯುದ್ಧಕಾಲದಲ್ಲಿ ಸೈನ್ಯದಲ್ಲಿದ್ದು, ಸಂಗ್ರಾಮ ಪದಕವನ್ನು ಪಡೆದು, ಸೇವೆ ಮುಗಿಸಿ ಊರಿಗೆ ಬಂದು ಹೊಲ ನೋಡಿಕೊಂಡಿದ್ದವರು. ಅವರ ಮನೆತನದ ಹೆಸರು ನಾಯಕ ಎಂಬುದನ್ನು ಮಾತ್ರ ತಾವು ನೆನಪಿನಲ್ಲಿಟ್ಟುಕೊಳ್ಳಬೇಕು. ಅವರು ಕಾಲವಾದ ಮೇಲೆ ಒಂದು ದಿನ ಅವರ ಧರ್ಮಪತ್ನಿ ಬಟ್ಟೆಯಲ್ಲಿ ಸುತ್ತಿದ ಕಾಗದಪತ್ರಗಳೊಡನೆ ನಮ್ಮ ಶಾಲೆಗೆ ಬಂದರು. ಆ ತಾಯಿ ಆಡಿದ ಮಾತನ್ನು ಅವರ ನುಡಿಯಲ್ಲಿಯೇ ಹೇಳುತ್ತೇವೆ: "ಮಾಸ್ತರ, ನಮ್ಮ ಮನಿಯವ್ರು ಹವಾಲ್ದಾರ ಆಗಿ ಊರಿಗಿ ಬಂದಾರ. ತೋಳ ಮ್ಯಾಲ ಮೂರು ಪಟ್ಟಿ ಇದ್ದವು. ಈಗ ಕಾಗದದಾಗ ನಾಯಕ್ ಅಂತ ಬರದಾರಂತ. ಸತ್ತ ಮ್ಯಾಲ ಒಂದು ಪಟ್ಟಿ ಯಾರು ಕಿತ್ತುಕೊಂಡ್ರ್ರಿ?"

ಸೇನೆಯ ಪದವಿಗಳ ಕ್ರಮ ತಿಳಿಯದವರಿಗಾಗಿ ಒಂದು ಮಾತು. ಭೂಸೇನೆಯಲ್ಲಿ ಸಿಪಾಯಿಯ ಮೇಲೆ ಲಾನ್ಸ್ ನಾಯಕ್, ಅವನ ಮೇಲೆ ನಾಯಕ್, ಅವನ ಮೇಲೆ ಹವಾಲ್ದಾರ. ತೋಳಿನ ಪಟ್ಟಿಗಳು ಕ್ರಮವಾಗಿ ಒಂದು, ಎರಡು, ಮೂರು. ಅಲ್ಲಿಂದ ಮುಂದೆ ನಾಯಬ್ ಸುಬೇದಾರ, ಸುಬೇದಾರ, ಸುಬೇದಾರ ಮೇಜರ್. ಸೈನಿಕನ ಪಿಂಚಣಿಯೂ ಅವನ ಹಿಂದೆ ಉಳಿದವರ ಕುಟುಂಬ ಪಿಂಚಣಿಯೂ ಅವನ ಕೊನೆಯ ಪದವಿ ಮತ್ತು ವೇತನವನ್ನು ಆಧರಿಸಿರುತ್ತವೆ. ಆದುದರಿಂದ ಒಂದು ಪಟ್ಟಿ ಕಡಮೆಯಾದರೆ ಮಾನವೊಂದೇ ಅಲ್ಲ, ತಿಂಗಳು ತಿಂಗಳಿನ ಅನ್ನವೂ ಕಡಮೆಯಾಗುತ್ತದೆ.

ಕಾಗದಗಳನ್ನು ಹರವಿ ನೋಡಿದಾಗ ನಮಗೆ ದಿಗ್ಭ್ರಮೆಯಾಯಿತು. ಒಬ್ಬನೇ ವ್ಯಕ್ತಿಗೆ ನಾಲ್ಕು ಪದವಿಗಳು! ಪದಕದ ಅಂಚಿನಲ್ಲಿ ಸಂಖ್ಯೆಯೊಡನೆ ಕೆತ್ತಿರುವುದು ಸಿಪಾಯಿ ಎಂದು. ಸೇವೆಯಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕದಲ್ಲಿ, ಸೈನಿಕರು ಡಿಸ್ಚಾರ್ಜ್ ಬುಕ್ಕು ಎನ್ನುವ ಅದರಲ್ಲಿ, ಹವಾಲ್ದಾರ ಎಂದು. ಕಚೇರಿಯೊಂದು ಪದಕ ಪಡೆದವರ ಹಳೆಯ ಯಾದಿಯಿಂದ ನಕಲು ಮಾಡಿ ಕೊಟ್ಟ ಹಾಳೆಯಲ್ಲಿ ನಾಯಕ್ ಎಂದು. ನಾಲ್ಕನೆಯದು ನಮ್ಮ ಸಂಘದ ಹಿಂದಿನ ಸಂಚಿಕೆಯ ಹರಿದ ಪುಟ. ಅದರಲ್ಲಿ ಅವರು ಸುಬೇದಾರರು! ಆ ಪರಿಚಯ ಲೇಖನವನ್ನು ಬರೆದವರು ಬೇರೆ ಯಾರೂ ಅಲ್ಲ, ನಾವೇ. ಸನ್ಮಾನದ ಸಂಭ್ರಮದಲ್ಲಿ, ಯಾರೋ ಗೌರವದಿಂದ ಸುಬೇದಾರ ಸಾಹೇಬರು ಎಂದು ಕರೆದುದನ್ನು ಕೇಳಿ, ವಿಚಾರಿಸದೆ ಬರೆದುಬಿಟ್ಟೆವು. ಆ ತಾಯಿ ಅಚ್ಚಾದ ಮಾತೆಂಬ ನಂಬಿಕೆಯಿಂದ ಅದನ್ನೂ ಅರ್ಜಿಗೆ ಲಗತ್ತಿಸಿದ್ದರು. ಕಚೇರಿಯವರು ಕೇಳಿದ್ದು ಒಂದೇ ಪ್ರಶ್ನೆ: ಅಮ್ಮಾ, ಇವುಗಳಲ್ಲಿ ಯಾವುದು ನಿಜ? ಆ ಪ್ರಶ್ನೆಯಲ್ಲಿ ತಪ್ಪೇನಿದೆ? ಒಂದು ಕಾಗದ ಅವರನ್ನು ಒಂದು ಮೆಟ್ಟಿಲು ಇಳಿಸಿತ್ತು, ನಮ್ಮ ಪ್ರೀತಿ ಎರಡು ಮೆಟ್ಟಿಲು ಏರಿಸಿತ್ತು. ಇಳಿಸಿದ ಸುಳ್ಳಿಗಿಂತ ಏರಿಸಿದ ಸುಳ್ಳೇ ಆ ಮನೆಗೆ ಹೆಚ್ಚು ಅಡ್ಡಿಯಾಯಿತು.

ಇಲ್ಲಿಯೇ ಪಾಠಶುದ್ಧಿಯ ನಿಯಮ ನೆನಪಾಗುತ್ತದೆ. ಪಾಠಗಳು ಹಲವಿದ್ದಾಗ ಎಣಿಕೆಯಲ್ಲಿ ಹೆಚ್ಚಾದುದು ಪ್ರಮಾಣವಲ್ಲ, ಕಿವಿಗೆ ಇಂಪಾದುದೂ ಪ್ರಮಾಣವಲ್ಲ. ಮೂಲಕ್ಕೆ ಹತ್ತಿರವಾದುದು ಪ್ರಮಾಣ. ತಪ್ಪು ಪಾಠ ಹುಟ್ಟಿದ್ದು ಹೇಗೆ ಎಂಬುದನ್ನೂ ತೋರಿಸಿಕೊಟ್ಟರೆ ಮಾತ್ರ ತಿದ್ದುಪಡಿ ಪೂರ್ಣವಾಗುತ್ತದೆ. ನಾಯಕ್ ಎಂಬ ಪಾಠ ಹುಟ್ಟಿದ ಬಗೆ ಸ್ಪಷ್ಟವಾಗಿತ್ತು. ನಕಲು ಮಾಡಿದವರು ಹೆಸರಿನ ಕೊನೆಯ ನಾಯಕ ಎಂಬ ಮನೆತನದ ಹೆಸರನ್ನು ಎತ್ತಿ ಪದವಿಯ ಕಲಮಿನಲ್ಲಿ ಇರಿಸಿದ್ದರು. ಆ ಹಾಳೆಯಲ್ಲಿ ಹೆಸರಿನ ಕಲಮಿನಲ್ಲಿ ನಾಯಕ ಎಂಬುದೇ ಉಳಿದಿರಲಿಲ್ಲ. ರಾಯಚೂರು, ಯಾದಗಿರಿ, ಮಕ್ತಲ ಕಡೆಯ ಊರೂರುಗಳಲ್ಲಿ ನಾಯಕ ಮನೆತನಗಳಿರುವುದನ್ನು ಬಲ್ಲವನಿಗೆ ಇದು ಒಂದು ನೋಟಕ್ಕೆ ಹೊಳೆಯುತ್ತದೆ, ದೂರದಲ್ಲಿ ಕುಳಿತ ಬರಹಗಾರನಿಗೆ ಹೊಳೆಯದು.

ಇಂತಹ ಗೊಂದಲಕ್ಕೆ ನಮ್ಮ ನಾಡಿನಲ್ಲಿ ಅವಕಾಶ ಬಹಳ. ಸೇನೆಯ ಪದವಿಗಳ ಹೆಸರುಗಳೇ ನಮ್ಮಲ್ಲಿ ಬೇರೆ ಬೇರೆ ಅರ್ಥದಲ್ಲಿ ಸಂಚರಿಸುತ್ತಿವೆ. ಕಚೇರಿಯ ಜವಾನರ ಮೇಲಿನವನಿಗೆ ಜಮಾದಾರನೆಂದು ಕರೆಯುವ ರೂಢಿಯಿದೆ. ಆದರೆ ಸೈನ್ಯದಲ್ಲಿ ಜಮಾದಾರನೆಂದರೆ ಹವಾಲ್ದಾರನಿಗಿಂತ ಮೇಲಿನ ಅಧಿಕಾರಿ. ೧೯೬೫ರಲ್ಲಿ ಆ ಹೆಸರು ಹೋಗಿ ನಾಯಬ್ ಸುಬೇದಾರ ಎಂಬುದು ಬಂದಿತು. ಹಳೆಯ ಪದಕಪತ್ರದಲ್ಲಿ ಅಜ್ಜನನ್ನು ಜಮಾದಾರನೆಂದು ಬರೆದಿರುವುದನ್ನು ಕಂಡು ಮೊಮ್ಮಕ್ಕಳು ನಾಚಿ ಮುಚ್ಚಿಡಬೇಕಾದುದಿಲ್ಲ. ದಫೇದಾರನೆಂದರೆ ನಮ್ಮ ಕಣ್ಣಿಗೆ ಸಾಹೇಬರ ಬಾಗಿಲಲ್ಲಿ ನಿಲ್ಲುವ ಪೇಟದವನು, ಅಶ್ವದಳದಲ್ಲಿಯಾದರೋ ಅವನು ಹವಾಲ್ದಾರನಿಗೆ ಸಮಾನನು. ಇದರ ಮೇಲೆ ನಿಜಾಮರ ಕಾಲದ ಉರ್ದು ಬರಹ. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವ ಪದ್ಧತಿಯಿಲ್ಲವಾದುದರಿಂದ ನಮ್ಮ ಹೆಸರುಗಳು ಒಂದೊಂದು ನಕಲಿನಲ್ಲಿ ಒಂದೊಂದು ರೂಪ ತಾಳಿವೆ. ಊರಿನ ಜಿಲ್ಲೆಯ ಮಾತು ಕೇಳುವುದೇ ಬೇಡ. ಗದ್ವಾಲ, ಆಲಂಪುರ ತಾಲ್ಲೂಕುಗಳು ೧೯೫೬ರ ನವೆಂಬರ್ ೧ರವರೆಗೆ ರಾಯಚೂರು ಜಿಲ್ಲೆಯಲ್ಲಿದ್ದು ಆ ಮೇಲೆ ಮಹಬೂಬನಗರಕ್ಕೆ ಸೇರಿದವು. ೨೦೧೬ರಲ್ಲಿ ಗದ್ವಾಲವೂ, ೨೦೧೯ರಲ್ಲಿ ನಾರಾಯಣಪೇಟೆಯೂ ಜಿಲ್ಲೆಗಳಾದವು. ಗದ್ವಾಲದ ವೃದ್ಧನೊಬ್ಬನು ಮನೆ ಬಿಟ್ಟು ಕದಲದೆಯೇ ಮೂರು ಜಿಲ್ಲೆಗಳ ನಿವಾಸಿ! ಮೂರು ಕಾಗದಗಳಲ್ಲಿ ಮೂರು ಜಿಲ್ಲೆಗಳಿದ್ದ ಮಾತ್ರಕ್ಕೆ ಮೂವರು ಮನುಷ್ಯರಾಗುವುದಿಲ್ಲವೆಂಬುದನ್ನು ತಾರೀಖುಗಳಿಂದ ತೋರಿಸಿಕೊಡುವುದು ಗಡಿನಾಡಿನವರ ಹಣೆಬರಹ.

ಇನ್ನು ಪದಕದ ಅಂಚಿನ ಮಾತು. ಯೋಧರ ಮಗ ಅದೂ ತಪ್ಪೆಂದು ಭಾವಿಸಿ, ಅಕ್ಕಸಾಲಿಗನಲ್ಲಿಗೆ ಒಯ್ದು ಸಿಪಾಯಿ ಎಂಬುದನ್ನು ಉಜ್ಜಿಸಿ ಹವಾಲ್ದಾರ ಎಂದು ಕೆತ್ತಿಸಲು ಹೊರಟಿದ್ದನು. ಆ ತಂದೆ ೧೯೭೧ರಲ್ಲಿ ಸಿಪಾಯಿಯೇ ಆಗಿದ್ದರು; ಹವಾಲ್ದಾರರಾದದ್ದು ಅನಂತರ. ಪದಕವು ಹೇಳುತ್ತಿರುವುದು ಆ ದಿನದ ಸತ್ಯವನ್ನು. ಇದಕ್ಕೆ ದೊಡ್ಡ ನಿದರ್ಶನಗಳೇ ಇವೆ. ೧೯೮೭ರಲ್ಲಿ ಸಿಯಾಚಿನ್ ಹಿಮಶಿಖರವನ್ನು ಗೆದ್ದು ಪರಮವೀರ ಚಕ್ರ ಪಡೆದ ಬಾನಾ ಸಿಂಗರು ಮುಂದೆ ಗೌರವ ಕ್ಯಾಪ್ಟನ್ ಆದರು. ಆದರೂ ಪ್ರಶಸ್ತಿಯ ದಾಖಲೆಯಲ್ಲಿ ಅವರು ನಾಯಬ್ ಸುಬೇದಾರರೇ. ೧೯೪೮ರಲ್ಲಿ ಕಾದಾಡಿದ ಕರಮ್ ಸಿಂಗರೂ ಹಾಗೆಯೇ. ಮುಂದೆ ಗೌರವ ಕ್ಯಾಪ್ಟನ್ ಆದರೂ ದಾಖಲೆಯಲ್ಲಿ ಲಾನ್ಸ್ ನಾಯಕ್. ಕಿರಿಯ ಪದವಿಯಲ್ಲಿದ್ದವನು ಹಿರಿದಾದುದನ್ನು ಮಾಡಿದನೆಂಬುದರಲ್ಲಿಯೇ ಆ ಕಾರ್ಯದ ತೂಕವಿದೆ. ಅದನ್ನು ಉಜ್ಜಿದರೆ ತಂದೆಯ ಯೌವನವನ್ನೇ ಉಜ್ಜಿದಂತೆ ಎಂದು ಮಗನಿಗೆ ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಪದಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿದನು.

ಹೀಗೆ ನಾಲ್ಕು ಪಾಠಗಳಲ್ಲಿ ಸಿಪಾಯಿ, ಹವಾಲ್ದಾರ ಎಂಬ ಎರಡೂ ನಿಜ. ನಾಯಕ್, ಸುಬೇದಾರ ಎಂಬ ಎರಡೂ ಸುಳ್ಳು. ಮೊದಲನೆಯ ಸುಳ್ಳು ಕೈತಪ್ಪಿನಿಂದ ಬಂದದ್ದು, ಎರಡನೆಯದು ಅಭಿಮಾನದಿಂದ.

ದಾಖಲೆ ತಿದ್ದುವುದರಿಂದ ಏನು ಸಾಧಿಸುತ್ತದೆ, ಸತ್ತವರು ಎದ್ದು ಬರುವರೇ ಎಂದು ಕೇಳುವವರಿಗೆ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಕಥೆಯನ್ನು ಹೇಳಬೇಕು. ವಾಯುಸೇನೆಯ ಸ್ಕ್ವಾಡ್ರನ್ ಲೀಡರ್ ಆಗಿದ್ದ ಅವರು ೧೯೬೫ರ ಸೆಪ್ಟೆಂಬರ್ ೭ರಂದು ಆದಂಪುರದಿಂದ ಸರ್ಗೋಧದ ಮೇಲಿನ ದಾಳಿಗೆ ಹಾರಿದರು. ಆ ದಿನ ಅವರು ಕಾದಿರಿಸಿದ ವೈಮಾನಿಕರು ಮಾತ್ರ. ದಾಳಿಗೆ ಹೊರಟ ವಿಮಾನವೊಂದು ಹಿಂದುಳಿದುದರಿಂದ ಅವರಿಗೆ ಸ್ಥಾನ ದೊರೆಯಿತು. ಮಿಸ್ಟೇರ್ ವಿಮಾನದಲ್ಲಿ ಹೋದವರು ಹಿಂದಿರುಗಲಿಲ್ಲ. ದಾಖಲೆಯಲ್ಲಿ ಕಾಣೆಯಾದವರೆಂದು ಬರೆಯಲಾಯಿತು. ಅವರ ಕೊನೆಯ ಹೋರಾಟವನ್ನು ಕಂಡ ಸಂಗಾತಿಗಳಿರಲಿಲ್ಲ. ಹದಿನಾಲ್ಕು ವರ್ಷಗಳ ಮೇಲೆ, ೧೯೭೯ರಲ್ಲಿ, ಇಂಗ್ಲೆಂಡಿನ ಲೇಖಕ ಜಾನ್ ಫ್ರಿಕರ್ ಎಂಬವರು ಆ ಯುದ್ಧವನ್ನು ಕುರಿತು ಪಾಕಿಸ್ತಾನದವರಿಂದ ತಿಳಿದುಕೊಂಡು ಬರೆದ ಗ್ರಂಥ ಹೊರಬಂದಿತು. ಬಹಳ ವೇಗಶಾಲಿಯಾದ ಸ್ಟಾರ್‌ಫೈಟರ್ ವಿಮಾನವೊಂದನ್ನು ಒಂದು ಮಿಸ್ಟೇರ್ ಎದುರಿಸಿ ಕೆಡಹಿತೆಂದೂ, ಸ್ಟಾರ್‌ಫೈಟರಿನ ವೈಮಾನಿಕ ಅಮ್ಜದ್ ಹುಸೇನ್ ಧುಮುಕಿ ಬದುಕಿದನೆಂದೂ ಅದರಿಂದ ತಿಳಿಯಿತು. ಆ ದಾಳಿಯ ಮುಖಂಡರಾಗಿದ್ದ ತನೇಜಾರವರು ಇದನ್ನು ಕಂಡು, ಆ ಮಿಸ್ಟೇರ್ ತಮ್ಮ ದೇವಯ್ಯನದೇ ಎಂದು ಮೇಲಿನವರಿಗೆ ಬರೆದರು. ೧೯೮೮ರಲ್ಲಿ, ಇಪ್ಪತ್ತಮೂರು ವರ್ಷಗಳ ಅನಂತರ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು, ಅದನ್ನು ಅವರ ಪತ್ನಿ ಸ್ವೀಕರಿಸಿದರು. ವಾಯುಸೇನೆಯಲ್ಲಿ ಆ ಚಕ್ರವನ್ನು ಮರಣೋತ್ತರವಾಗಿ ಪಡೆದವರು ಅವರೊಬ್ಬರೇ. ಕಾಣೆಯಾದವರು ಎಂಬ ಮಾತಿನ ಸ್ಥಾನದಲ್ಲಿ ಕಾದಿ ಮಡಿದವರು ಎಂಬ ಮಾತು ಬಂದಿತು. ಇದಕ್ಕೆ ಸಾಕ್ಷಿ ದೊರೆತದ್ದು ಎದುರು ಪಕ್ಷದಿಂದ. ಅದನ್ನು ಹಿಡಿದು ಕೇಳಿದವರು ಸಂಗಾತಿಯನ್ನು ಮರೆಯದ ಮುಖಂಡರು.

ತಪ್ಪು ಇನ್ನೊಂದು ದಿಕ್ಕಿಗೂ ಆಗುವುದುಂಟು. ೧೯೯೯ರ ಕಾರ್ಗಿಲ್ ಯುದ್ಧದಲ್ಲಿ ಗ್ರೆನೇಡಿಯರ್ ಯೋಗೇಂದ್ರ ಸಿಂಗ್ ಯಾದವರಿಗೆ ಪರಮವೀರ ಚಕ್ರವನ್ನು ಮೊದಲು ಮರಣೋತ್ತರವೆಂದೇ ಪ್ರಕಟಿಸಿದ್ದರು. ಅದೇ ದಳದಲ್ಲಿ ಅದೇ ಹೆಸರಿನ ಮತ್ತೊಬ್ಬ ಯೋಧರು ಮಡಿದಿದ್ದುದೇ ಇದಕ್ಕೆ ಕಾರಣ. ಪದಕಕ್ಕೆ ಅರ್ಹರಾದವರು ಗಾಯಗೊಂಡು ಆಸ್ಪತ್ರೆಯಲ್ಲಿದ್ದರು. ಒಂದು ಹೆಸರು ಬದುಕಿದವನನ್ನು ಸ್ವರ್ಗಕ್ಕೆ ಕಳುಹಿಸಬಲ್ಲುದಾದರೆ, ನಾಯಕ ಎಂಬ ಹೆಸರು ಹವಾಲ್ದಾರನ ಪಟ್ಟಿಯೊಂದನ್ನು ಕಳೆಯುವುದು ಏನಾಶ್ಚರ್ಯ?

ಪಂಡಿತನಾದವನು ಶಾಸನದ ಹೆಸರೆತ್ತದೆ ಮಾತು ಮುಗಿಸಿದರೆ ತಾವೂ ಒಪ್ಪಲಾರಿರಿ. ನಮಗೆ ದೂರವಲ್ಲದ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಆತಕೂರು ಶಾಸನವು ನಮ್ಮ ನುಡಿಯ ಯುದ್ಧಪ್ರಶಸ್ತಿಗಳಲ್ಲಿ ಹೆಸರಾದುದು. ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ, ಅದಕ್ಕಾಗಿ ಕೃಷ್ಣನು ಬೂತುಗನಿಗೆ ಬನವಾಸಿ ೧೨,೦೦೦ ಮೊದಲಾದ ನಾಡುಗಳನ್ನು ಕೊಟ್ಟುದನ್ನೂ, ಬೂತುಗನು ತನ್ನ ಯೋಧ ಮಣಲೇರನಿಗೆ ಕಾಳಿಯೆಂಬ ಬೇಟೆನಾಯಿಯನ್ನು ಮೆಚ್ಚಿಕೊಟ್ಟುದನ್ನೂ ಅದು ಹೇಳುತ್ತದೆ. ಮೊದಲು ಓದಿದವರು ಅದರ ಒಂದು ಮಾತನ್ನು ಕಳ್ಳ ಎಂಬ ಅರ್ಥಕ್ಕೆ ಹೊಂದಿಸಿದುದರಿಂದ ಬೂತುಗನು ಮೋಸದಿಂದ ಇರಿದನೆಂಬ ಅಪವಾದ ಬಂದಿತು. ಮುಂದೆ ಅದು ಕಳ, ಎಂದರೆ ರಣಕಳ, ಎಂದೂ, ಬಿಸುಗೆಯೆಂಬುದು ಆನೆಯ ಮೇಲಿನ ಅಂಬಾರಿಯೆಂದೂ ತಿಳಿದು, ಅಂಬಾರಿಯನ್ನೇ ರಣಕಳವನ್ನಾಗಿ ಮಾಡಿ ಕಾದಿದನೆಂಬ ಅರ್ಥ ಗೊತ್ತಾಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ತಾಮ್ರಶಾಸನವೂ ಹೇಳುತ್ತದೆ. ಇಲ್ಲಿಯೂ ನೋಡಿರಿ, ಸಾಕ್ಷಿ ಎದುರು ಪಕ್ಷದ್ದೇ. ಒಂದು ಅಕ್ಷರದ ಒತ್ತಿನಿಂದ ವೀರನು ವಂಚಕನಾಗಿದ್ದನು. ಒತ್ತು ಹೋದಾಗ ಮರಳಿ ವೀರನಾದನು.

ನಮ್ಮ ಹವಾಲ್ದಾರರ ಕೆಲಸ ಹೇಗೆ ಮುಗಿಯಿತೆಂಬುದನ್ನು ಹೇಳುತ್ತೇವೆ. ಮೂಲಕ್ಕೆ ಹತ್ತಿರವಾದ ಡಿಸ್ಚಾರ್ಜ್ ಬುಕ್ಕಿನ ನಕಲು, ಪಿಂಚಣಿ ಆದೇಶದ ನಕಲು, ಮನೆತನದ ಹೆಸರು ನಾಯಕ ಎಂಬುದಕ್ಕೆ ಶಾಲೆಯ ದಾಖಲೆ, ತಪ್ಪು ಹುಟ್ಟಿದ ಬಗೆಯನ್ನು ವಿವರಿಸುವ ಒಂದು ಪುಟದ ಬಿನ್ನಹ, ಇವಿಷ್ಟನ್ನು ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅವರ ದಳದ ದಾಖಲೆ ಕಚೇರಿಗೆ ಕಳುಹಿಸಿದೆವು. ಸೈನಿಕನ ಸಂಖ್ಯೆಯನ್ನು ಪ್ರತಿ ಹಾಳೆಯ ಮೇಲೆಯೂ ಬರೆದೆವು, ಏಕೆಂದರೆ ಹೆಸರು ಎಷ್ಟು ರೂಪ ತಾಳಿದರೂ ಸಂಖ್ಯೆ ಒಂದೇ. ಕೊನೆಯ ಹಾಳೆ ನಮ್ಮದು: ಸಂಚಿಕೆಯಲ್ಲಿ ಸುಬೇದಾರ ಎಂದು ಬರೆದುದು ವಿಚಾರಿಸದೆ ಬರೆದ ನಮ್ಮ ತಪ್ಪು, ಅದನ್ನು ಪ್ರಮಾಣವಾಗಿ ಎಣಿಸಬಾರದು ಎಂದು ಸಹಿ ಮಾಡಿದೆವು. ಮೂವತ್ತು ವರ್ಷಕ್ಕೆ ಹತ್ತಿರ ಬರವಣಿಗೆ ಮಾಡಿದ ಕೈ ಆ ಒಂದು ಸಹಿಗೆ ಅಳುಕಿತು. ಎರಡು ಮಳೆಗಾಲ ಕಳೆದ ಮೇಲೆ ತಿದ್ದುಪಡಿಯ ಪತ್ರ ಬಂದಿತು. ಅದನ್ನು ಓದಿ ಹೇಳಿದಾಗ ಆ ತಾಯಿ ಹಣದ ಮಾತೆತ್ತಲಿಲ್ಲ. "ಮೂರನೇ ಪಟ್ಟಿ ಬಂತಲ್ರಿ" ಎಂದರು. ಆ ಮೇಲೆ, "ನಿಮ್ಮ ಪುಸ್ತಕದಾಗ ಬರದದ್ದೂ ತಿದ್ದ್ರಿ ಮಾಸ್ತರ. ಅವ್ರು ಇಲ್ಲದ್ದು ಹೇಳಿಕೊಂಡವ್ರಲ್ಲ" ಎಂದರು.

ಬಂಧುಗಳೇ, ನಮ್ಮ ಊರುಗಳಲ್ಲಿ ಇನ್ನೂ ಎಷ್ಟೋ ಪೆಟ್ಟಿಗೆಗಳಲ್ಲಿ ಪದಕಗಳು ಕಪ್ಪಾಗಿ ಕುಳಿತಿವೆ. ಸಂಘದ ತರುಣರು ಮನೆಮನೆಗೆ ಹೋಗಿ ಸಂಖ್ಯೆ, ಹೆಸರು, ಆ ದಿನದ ಪದವಿ, ಕೊನೆಯ ಪದವಿ ಎಂಬ ನಾಲ್ಕು ಕಲಮುಗಳನ್ನು ಬರೆದುಕೊಂಡು ಬರಲಿ. ಹೇಳುವವರು ಜೀವದಿಂದಿರುವಾಗಲೇ ಬರೆದುಕೊಳ್ಳಲಿ. ಏರಿಸುವುದೂ ಬೇಡ, ಇಳಿಸುವುದೂ ಬೇಡ. ಗಡಿಯಲ್ಲಿರುವ ನಮ್ಮನ್ನು ಇತರರು ಸರಿಯಾಗಿ ಬರೆಯಲಿಲ್ಲವೆಂದು ನಾವು ಆಗಾಗ ಕೊರಗುತ್ತೇವೆ. ಮೊದಲು ನಮ್ಮವರನ್ನು ನಾವು ಸರಿಯಾಗಿ ಬರೆಯೋಣ.

ಆ ತಾಯಿಯ ಅಪ್ಪಣೆಯನ್ನು ನೆರವೇರಿಸಿ ಮಾತು ಮುಗಿಸುತ್ತೇವೆ. ಈ ಭಾಷಣ ಅಚ್ಚಾಗುವಾಗ ಸಂಪಾದಕರು ಕೊನೆಯಲ್ಲಿ ಈ ಒಂದು ಸಾಲನ್ನು ಉಳಿಸಬೇಕೆಂದು ಪ್ರಾರ್ಥನೆ: ಹಿಂದಿನ ಸಂಚಿಕೆಯ ಯೋಧಪರಿಚಯದಲ್ಲಿ ಸುಬೇದಾರ ಎಂದು ಇರುವಲ್ಲೆಲ್ಲ ಹವಾಲ್ದಾರ ಎಂದು ಓದಿಕೊಳ್ಳಬೇಕು.