ಬಿಡಿಭಾಗ ಎಲ್ಲಿಂದ ಬರುತ್ತದೆ?



ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರನ್ನು ರಾಷ್ಟ್ರಪತಿಯಾಗಿ ನೀವೆಲ್ಲ ಬಲ್ಲಿರಿ. ಇಂದು ನಾನು ಇಂಜಿನಿಯರ್ ಕಲಾಂ ಅವರ ಬಗ್ಗೆ ಕೆಲವು ಮಾತು ಹೇಳಬಯಸುತ್ತೇನೆ.

ಮದರಾಸಿನ ಎಂ.ಐ.ಟಿ.ಯಲ್ಲಿ ಸೀಟು ಸಿಕ್ಕಾಗ ಅವರ ಬಳಿ ಹಣವಿರಲಿಲ್ಲ. ಸಹೋದರಿ ಜೊಹರಾ ತಮ್ಮ ಚಿನ್ನದ ಬಳೆ, ಸರಗಳನ್ನು ಒತ್ತೆಯಿಟ್ಟು ಓದಿಸಿದರು. ವೈಮಾನಿಕ ಇಂಜಿನಿಯರಿಂಗ್ ಮುಗಿಸಿದ ಕಲಾಂ ನಮ್ಮ ಬೆಂಗಳೂರಿನ ಎ.ಡಿ.ಇ.ಯಲ್ಲಿ ದುಡಿದು, ಮುಂದೆ ಇಸ್ರೋದಲ್ಲಿ 1980ರ ಎಸ್.ಎಲ್.ವಿ.-3 ಯಶಸ್ಸಿಗೆ ನೇತೃತ್ವ ವಹಿಸಿದರು.

1983ರಲ್ಲಿ ಅವರ ಮುಂದಾಳತ್ವದಲ್ಲಿ ಕ್ಷಿಪಣಿ ಯೋಜನೆ ಆರಂಭವಾಯಿತು. 1987ರಲ್ಲಿ ಏಳು ಮುಂದುವರಿದ ರಾಷ್ಟ್ರಗಳು ಒಂದಾಗಿ, ಕ್ಷಿಪಣಿಗೆ ಬಳಕೆಯಾಗಬಲ್ಲ ಸಾಮಗ್ರಿ ಮತ್ತು ತಂತ್ರಜ್ಞಾನದ ರಫ್ತಿಗೆ ಕಡಿವಾಣ ಹಾಕಿದವು. ನಕ್ಷೆ ಕೈಯಲ್ಲಿದ್ದರೂ ಬಿಡಿಭಾಗ ಬೇರೆಯವರ ಕೈಯಲ್ಲಿದ್ದರೆ ದೇಶದ ರಕ್ಷಣೆಯೂ ಅವರ ಕೈಯಲ್ಲೇ ಎಂಬುದು ಆಗ ಎಲ್ಲರಿಗೂ ಅರಿವಾಯಿತು.

ಕಲಾಂ ಅವರು ಪ್ರಯೋಗಾಲಯದ ಗೋಡೆಗಳಾಚೆಗೆ ಕೈಚಾಚಿದರು. ಅಗ್ನಿ ಕ್ಷಿಪಣಿಯ ಕೆಲಸದಲ್ಲಿ ಮದರಾಸಿನ ಐ.ಐ.ಟಿ., ಆಕಾಶ್ ಸಾಫ್ಟ್‌ವೇರ್‌ನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿದವು. ವಾತಾವರಣಕ್ಕೆ ಮರಳುವಾಗಿನ ಭಾರೀ ಶಾಖವನ್ನು ತಡೆಯುವ ಕಾರ್ಬನ್ ಕವಚ ದೇಶದಲ್ಲೇ ಸಿದ್ಧವಾಯಿತು. ಎರಡು ಸಲ ಮುಂದೂಡಲ್ಪಟ್ಟ ಅಗ್ನಿ 1989ರ ಮೇ 22ರಂದು ಯಶಸ್ವಿಯಾಗಿ ಹಾರಿತು. ಅದಕ್ಕಾಗಿ ರೂಪುಗೊಂಡ ಹಗುರ ವಸ್ತುವಿನಿಂದಲೇ, ಪೋಲಿಯೋ ಪೀಡಿತ ಮಕ್ಕಳ ಸುಮಾರು ಮೂರು ಕಿಲೋ ತೂಕದ ಕ್ಯಾಲಿಪರ್ 300 ಗ್ರಾಂಗೆ ಇಳಿಯಿತು. ಇದು ಎಂಥ ಉಪಕಾರ!

ಕಲಾಂ 2015ರಲ್ಲಿ ಅಗಲಿದರು. ಭಾರತ 2016ರಲ್ಲಿ ಅದೇ ಒಕ್ಕೂಟದ ಸದಸ್ಯನಾಯಿತು. ಆದರೆ ಪ್ರಶ್ನೆ ಮುಗಿದಿಲ್ಲ. 2021ರಲ್ಲಿ ಚಿಪ್ ಕೊರತೆಯಿಂದ ಜಗತ್ತಿನಾದ್ಯಂತ ಕಾರು ಕಾರ್ಖಾನೆಗಳು ನಿಂತವು. ಅತ್ಯಾಧುನಿಕ ಚಿಪ್ ತಯಾರಿಕೆಗೆ ಬೇಕಾದ ಇ.ಯು.ವಿ. ಯಂತ್ರಗಳನ್ನು ಮಾರುತ್ತಿರುವುದು ನೆದರ್‌ಲೆಂಡ್ಸ್‌ನ ಒಂದೇ ಕಂಪನಿ. ಸರಪಳಿಯ ಒಂದು ಕೊಂಡಿ ಕಳಚಿದರೆ ಉಳಿದದ್ದೆಲ್ಲ ವ್ಯರ್ಥ.

ವಿದ್ಯಾರ್ಥಿ ಮಿತ್ರರೇ, ಕೈಯಲ್ಲಿರುವ ಯಂತ್ರದ ಪ್ರತಿ ಭಾಗ ಎಲ್ಲಿಂದ ಬಂತು, ಅದು ಬರದಿದ್ದರೆ ಏನು ಗತಿ ಎಂದು ಕೇಳುವುದನ್ನು ಕಲಿಯಿರಿ. ಹೆಚ್ಚು ಮಂದಿ ಹೋಗದ ಲೋಹಶಾಸ್ತ್ರ, ವಸ್ತುವಿಜ್ಞಾನಗಳ ಕಡೆಗೂ ನೋಡಿರಿ. ಅದನ್ನೇ ಸಂಶೋಧಿಸುತ್ತಾ ಬದುಕು ಕಟ್ಟಿಕೊಳ್ಳಬಹುದು, ದೇಶವನ್ನೂ ಕಾಯಬಹುದು.

ಹಿರಿಯರೇ, ಶುಲ್ಕ ಕಟ್ಟಲಾಗದೆ ಓದು ನಿಲ್ಲಿಸುವ ಗಂಡು, ಹೆಣ್ಣು ಮಕ್ಕಳು ನಮ್ಮ ಊರುಗಳಲ್ಲೂ ಇದ್ದಾರೆ. ಜೊಹರಾ ಅವರ ಬಳೆಗಳ ಕೆಲಸವನ್ನು ಈಗ ನಮ್ಮ ಸಂಘ ಮಾಡಬೇಕಾಗಿದೆ.