ಸೋತ ಮೇಲಿನ ಹ್ಯಾನಿಬಲ್



ಹ್ಯಾನಿಬಲ್ ಎಂದೊಡನೆ ಆಲ್ಪ್ಸ್ ಪರ್ವತ ಏರುವ ಆನೆಗಳು ಕಣ್ಣಿಗೆ ಕಟ್ಟುತ್ತವೆ. ಕ್ರಿ.ಪೂ. 216ರಲ್ಲಿ ಕ್ಯಾನೆ ಬಯಲಿನಲ್ಲಿ ತನ್ನದಕ್ಕಿಂತ ಬಹು ದೊಡ್ಡದಾಗಿದ್ದ ರೋಮನ್ ಸೇನೆಯನ್ನು ಸುತ್ತುವರಿದು ಒಂದೇ ದಿನದಲ್ಲಿ ಅಳಿಸಿಹಾಕಿದ ಕಥೆಯನ್ನೂ ನೀವು ಕೇಳಿರುತ್ತೀರಿ. ಇವತ್ತು ನಾನು ಹೇಳಹೊರಟಿರುವುದು ಸೋತ ಮೇಲಿನ ಹ್ಯಾನಿಬಲನ ವಿಷಯ. ರೋಮ್ ಅವನಿಗೆ ನಿಜವಾಗಿ ಹೆದರಿದ್ದು ಆಗಲೇ ಎಂಬುದು ನನ್ನ ಅಭಿಪ್ರಾಯ.

ಕ್ರಿ.ಪೂ. 202ರ ಝಾಮಾ ಯುದ್ಧದಲ್ಲಿ ರೋಮನ್ ಸೇನಾಪತಿ ಸಿಪಿಯೋ ಅವನನ್ನು ಸೋಲಿಸಿದ. ಹ್ಯಾನಿಬಲನ ಊರಾದ ಕಾರ್ಥೇಜ್ 50 ವರ್ಷಗಳಲ್ಲಿ 10,000 ತಲಾಂತು ಬೆಳ್ಳಿ ಕಟ್ಟಬೇಕು, 10 ಯುದ್ಧನೌಕೆಗಳನ್ನಷ್ಟೇ ಇಟ್ಟುಕೊಳ್ಳಬೇಕು, ಆನೆಗಳನ್ನೆಲ್ಲ ಒಪ್ಪಿಸಬೇಕು ಎಂದು ಷರತ್ತಾಯಿತು. ಒಪ್ಪಂದ ಬೇಡವೆಂದು ಭಾಷಣಕ್ಕೆ ನಿಂತವನೊಬ್ಬನನ್ನು ಹ್ಯಾನಿಬಲ್ ವೇದಿಕೆಯಿಂದ ಎಳೆದು ಇಳಿಸಿದನಂತೆ. ಸಭೆ ಸಿಟ್ಟಾದಾಗ, ಒಂಬತ್ತನೇ ವಯಸ್ಸಿಗೆ ಊರು ಬಿಟ್ಟವನು ನಲವತ್ತೈದು ದಾಟಿದ ಮೇಲೆ ಮರಳಿದ್ದೇನೆ, ಇಲ್ಲಿನ ರೀತಿನೀತಿ ತಿಳಿಯದು ಎಂದು ಕ್ಷಮೆ ಕೇಳಿದನೆಂದು ಇತಿಹಾಸಕಾರ ಪೊಲಿಬಿಯಸ್ ಬರೆಯುತ್ತಾನೆ.

ಕ್ರಿ.ಪೂ. 199ರಲ್ಲಿ ಮೊದಲ ಕಂತಿನ ಬೆಳ್ಳಿ ರೋಮ್ ತಲುಪಿತು. ಕರಗಿಸಿ ನೋಡಿದರೆ ಕಾಲು ಭಾಗ ಬೆರಕೆ! ಕೊರತೆ ತುಂಬಲು ಕಾರ್ಥೇಜಿನವರು ರೋಮಿನಲ್ಲೇ ಸಾಲ ಎತ್ತಬೇಕಾಯಿತು. ಹಾಗಾದರೆ ಬೊಕ್ಕಸದ ಹಣ ಎಲ್ಲಿ ಹೋಗುತ್ತಿತ್ತು?

ಕ್ರಿ.ಪೂ. 196ರಲ್ಲಿ ಹ್ಯಾನಿಬಲ್ ಸುಫೆಟ್, ಅಂದರೆ ನಗರದ ವರ್ಷಾವಧಿಯ ಮುಖ್ಯಾಧಿಕಾರಿಯಾದ. ಲೆಕ್ಕ ಕೇಳಲು ಖಜಾನೆಯ ಅಧಿಕಾರಿಗೆ ಹೇಳಿಕಳಿಸಿದರೆ ಆತ ಬರಲೇ ಇಲ್ಲ. ಅವಧಿ ಮುಗಿದೊಡನೆ ತಾನು ಸೇರಲಿರುವುದು ಜೀವಮಾನವಿಡೀ ಪದವಿಯಲ್ಲಿರುವ ನ್ಯಾಯಾಧೀಶರ ಕೂಟವನ್ನು ಎಂಬ ಧೈರ್ಯ ಅವನಿಗೆ. ಹ್ಯಾನಿಬಲ್ ಅವನನ್ನು ಹಿಡಿಸಿ ಜನಸಭೆಯ ಮುಂದೆ ನಿಲ್ಲಿಸಿದ. ನ್ಯಾಯಾಧೀಶರು ವರ್ಷಕ್ಕೊಮ್ಮೆ ಚುನಾಯಿತರಾಗಬೇಕು, ಸತತ ಎರಡು ವರ್ಷ ಯಾರೂ ಇರಕೂಡದು ಎಂಬ ಕಾನೂನನ್ನು ಅಲ್ಲೇ ಮಾಡಿಸಿದ. ಆಮೇಲೆ ನೆಲ ಮತ್ತು ಬಂದರುಗಳ ಆದಾಯದ ಲೆಕ್ಕ ತೆಗೆಸಿದ. ದೊಡ್ಡವರು ನುಂಗಿದ್ದನ್ನು ಕಕ್ಕಿಸಿದರೆ ಜನರ ಮೇಲೆ ಹೊಸ ತೆರಿಗೆಯಿಲ್ಲದೆಯೇ ರೋಮಿನ ಬಾಕಿ ತೀರುತ್ತದೆ ಎಂದು ಸಾರಿದ.

ನುಂಗಿದವರು ಸುಮ್ಮನಿರಲಿಲ್ಲ. ಸಿರಿಯಾದ ದೊರೆ ಆಂಟಿಯೋಕಸನ ಜೊತೆ ಹ್ಯಾನಿಬಲ್ ಒಳಸಂಚು ನಡೆಸಿದ್ದಾನೆಂದು ರೋಮಿಗೆ ದೂರು ಹೋಯಿತು. ಊರೊಳಗಿನ ಜಗಳಕ್ಕೆ ರೋಮ್ ತಲೆಹಾಕಬಾರದೆಂದು ವಾದಿಸಿದವನು ಝಾಮಾದಲ್ಲಿ ಗೆದ್ದ ಅದೇ ಸಿಪಿಯೋ. ಆದರೂ ಕ್ರಿ.ಪೂ. 195ರಲ್ಲಿ ರೋಮಿನ ದೂತರು ಬಂದಿಳಿದರು. ಹ್ಯಾನಿಬಲ್ ರಾತ್ರೋರಾತ್ರಿ ಹೊರಟು ಸೆರ್ಸಿನಾ ದ್ವೀಪ ಸೇರಿದ. ಬಂದರಿನಲ್ಲಿದ್ದ ವರ್ತಕರು ಗುರುತಿಸಿಬಿಟ್ಟರು. ಅವನೋ, ಅವರನ್ನೆಲ್ಲ ಔತಣಕ್ಕೆ ಕರೆದು, ಬಿಸಿಲು ಜೋರಾಗಿದೆ, ಹಡಗಿನ ಹಾಯಿಗಳನ್ನು ತಂದು ಚಪ್ಪರ ಹಾಕಿ ಎಂದ. ಕುಡಿದು ಮಲಗಿದವರು ಎದ್ದು ಹಾಯಿ ಕಟ್ಟುವಷ್ಟರಲ್ಲಿ ಅವನು ದೂರ ಸಾಗಿದ್ದ. ಮುಂದೆ ಆಸರೆ ಹುಡುಕುತ್ತ ಅಲೆದು, ಕೊನೆಗೆ ಬಿಥಿನಿಯಾ ರಾಜ್ಯದಲ್ಲಿ ರೋಮನ್ನರ ಕೈಗೆ ಸಿಗುವ ಬದಲು ವಿಷ ಕುಡಿದ.

ಕ್ರಿ.ಪೂ. 191ರಲ್ಲಿ, ಹ್ಯಾನಿಬಲ್ ಊರು ಬಿಟ್ಟ ನಾಲ್ಕೇ ವರ್ಷಕ್ಕೆ, ಕಾರ್ಥೇಜ್ ಉಳಿದ ಬಾಕಿಯನ್ನೆಲ್ಲ ಒಟ್ಟಿಗೇ ಕಟ್ಟುತ್ತೇವೆಂದು ಮುಂದೆ ಬಂತು. ರೋಮ್ ಒಪ್ಪಲಿಲ್ಲ. ಸಾಲ ತೀರಿದರೆ ಹಿಡಿತವೂ ತಪ್ಪುತ್ತದಲ್ಲ! ಕೊನೆಯ ಕಂತು ಮುಗಿದದ್ದು ಕ್ರಿ.ಪೂ. 151ರಲ್ಲಿ, ಎರಡೇ ವರ್ಷದಲ್ಲಿ ರೋಮ್ ಯುದ್ಧ ಸಾರಿತು, 146ರಲ್ಲಿ ನಗರವನ್ನೇ ಕೆಡವಿತು. ಸಾಲದಲ್ಲಿದ್ದ ಕಾರ್ಥೇಜನ್ನು ಸಹಿಸಿದ ರೋಮ್, ಋಣ ತೀರಿಸಿ ನಿಂತ ಕಾರ್ಥೇಜನ್ನು ಸಹಿಸಲಿಲ್ಲ. ಆ ಋಣಮುಕ್ತಿಯ ದಾರಿಯನ್ನು ಮೊದಲು ತೋರಿಸಿಕೊಟ್ಟವನು ಹ್ಯಾನಿಬಲ್.