ಸೋರಿದ ನೀರಿನ ಲೆಕ್ಕ: ಭೂವಿಜ್ಞಾನ ಮತ್ತು ಜಲಸಂಪನ್ಮೂಲ ಸಮಾವೇಶದ ಅಧ್ಯಕ್ಷ ಭಾಷಣ

ಕುರಿಯ ತಳಿಯೊಂದರಿಂದ ನಾಡಿನಾಚೆಗೂ ಹೆಸರಾದ, ಈ ಸಮಾವೇಶ ಸೇರಿರುವ ಬಂಡೂರಿನ ಸುತ್ತಣ ಸೀಮೆಯಲ್ಲಿ ಕಾವೇರಿಯ ನಾಲೆ ತಲುಪಿದ ಗದ್ದೆಯೂ ಮಳೆಯನ್ನೇ ನಂಬಿದ ಹೊಲವೂ ಒಂದೇ ಬಗೆಯ ಬಂಡೆಯ ಮೇಲೆ, ಹೆಚ್ಚು ದೂರವಿಲ್ಲದಂತೆ ಇರುವುದರಿಂದ, ನೆಲ ಮತ್ತು ನೀರಿನ ಸಂಬಂಧವನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ತಕ್ಕ ಜಾಗ ಸಿಗುವುದು ಕಷ್ಟ. ಈ ಭಾಷಣ ಮುಖ್ಯವಾಗಿ ಪ್ರತಿಪಾದಿಸಲು ಬಯಸುವ ಸಂಗತಿ ಒಂದೇ. ನಾಲೆಯ ಲೆಕ್ಕದ ಪುಸ್ತಕದಲ್ಲಿ ಸೋರಿಕೆಯೆಂದು ನಷ್ಟಕ್ಕೆ ಬರೆಯುವ ನೀರನ್ನೇ ಬಾವಿಯ ಲೆಕ್ಕದಲ್ಲಿ ಮರುಪೂರಣವೆಂದು ಜಮೆಗೆ ಬರೆಯಬೇಕಾಗುತ್ತದೆ. ಈ ಎರಡು ಪುಸ್ತಕಗಳನ್ನು ಒಟ್ಟಿಗೆ ತೆರೆದು ಓದುವ ಸಂಶೋಧನೆ ಈ ಸೀಮೆಗೆ ತುರ್ತಾಗಿ ಬೇಕಾಗಿದೆ.

ಮಂಡ್ಯ ಸೀಮೆಯ ಬಹುಭಾಗದ ತಳಹದಿ ನೈಸ್ ಶಿಲೆ, ಅಂದರೆ ಭೂಮಿಯ ಆಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಬಿಳಿ ಮತ್ತು ಕಪ್ಪು ಪಟ್ಟೆಗಳಾಗಿ ಮಾರ್ಪಟ್ಟ ಬಂಡೆ. ಇದನ್ನು ಪೆನಿನ್ಸುಲರ್ ನೈಸ್ ಎಂದು ಕರೆದವರು ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್, ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಪೂರ್ವಕ್ಕೆ ರಾಮನಗರದ ಕಡೆಗೆ ಹೋದಂತೆ, ಆ ಊರಿನ ಹಳೆಯ ಹೆಸರನ್ನೇ ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಎದುರಾಗುತ್ತದೆ. ಅದು ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾರಸವಾಗಿ ಮೇಲೆದ್ದು ಗಟ್ಟಿಯಾದದ್ದು. ಮಳವಳ್ಳಿ ತಾಲ್ಲೂಕಿನ ಗಡಿಯಿಂದ ಹೆಚ್ಚು ದೂರವಿಲ್ಲದ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ, ನೈಸ್ ಶಿಲೆ ನಿಂತ ಜಾಗದಲ್ಲೇ ಚಾರ್ನೊಕೈಟ್ ಎಂಬ ಇನ್ನೊಂದು ಶಿಲೆಯಾಗಿ ಬದಲಾಗುತ್ತಿದ್ದುದರ ಕುರುಹನ್ನು ಗುರುತಿಸಿ ಸಿ. ಎಸ್. ಪಿಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಲೇಖನ ಜಗತ್ತಿನ ಶಿಲಾವಿಜ್ಞಾನಿಗಳನ್ನು ಈ ಕಡೆಗೆ ತಿರುಗಿಸಿತು. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರು ಇಲಾಖೆಯ ಮೊದಲ ಗಮನ ಸಹಜವಾಗಿಯೇ ಚಿನ್ನ ಮತ್ತು ಖನಿಜಗಳ ಮೇಲಿತ್ತು. ನೀರೂ ಭೂವಿಜ್ಞಾನದ ಮುಖ್ಯ ವಿಷಯವೆಂಬ ಅರಿವನ್ನು ಇಲಾಖೆಯೊಳಗೆ ಬೇರೂರಿಸಿದವರಲ್ಲಿ, 1958ರಲ್ಲಿ ಸ್ಥಾಪನೆಯಾದ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾದ ಜೀವಾಳವಾಗಿದ್ದ ಬಿ. ಪಿ. ರಾಧಾಕೃಷ್ಣ ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು.

ಇಂಥ ಗಟ್ಟಿ ಶಿಲೆಯಲ್ಲಿ ನೀರು ಎಲ್ಲಿರುತ್ತದೆ ಎಂಬ ಪ್ರಶ್ನೆಯ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ಬೋರ್‌ವೆಲ್ ಕೊರೆಸುವ ರೈತನ ಸಾಲಕ್ಕೂ ಸೋಲಿಗೂ ಈ ಪ್ರಶ್ನೆಯೇ ಮೂಲ. ಮರಳುಗಲ್ಲಿನಂತೆ ನೈಸ್ ಶಿಲೆ ಮೈತುಂಬ ನೀರು ಹೀರುವುದಿಲ್ಲ. ಮೇಲಿನ ಮಣ್ಣಿನ ಕೆಳಗೆ, ಬಂಡೆ ಕೊಳೆತು ಗರಸಾದ ಪದರವೊಂದಿರುತ್ತದೆ. ಇದು ಕೆಲವು ಮೀಟರುಗಳಿಂದ ಇಪ್ಪತ್ತು ಮೀಟರಿನಾಚೆಗೂ ದಪ್ಪವಿರಬಹುದು, ಹಿಂದಿನವರು ತೋಡಿದ ತೆರೆದ ಬಾವಿಗಳೆಲ್ಲ ನೆಚ್ಚಿದ್ದು ಇದನ್ನೇ. ಅದರ ಕೆಳಗಿನ ಬಂಡೆಯಲ್ಲಿ ನೀರಿಗೆ ಬಿರುಕುಗಳ ಹೊರತು ಬೇರೆ ಜಾಗವಿಲ್ಲ, ಆಳಕ್ಕೆ ಹೋದಂತೆಲ್ಲ ಮೇಲಿನ ಕಲ್ಲಿನ ಭಾರಕ್ಕೆ ಆ ಬಿರುಕುಗಳೂ ಬಾಯಿ ಮುಚ್ಚಿಕೊಳ್ಳುತ್ತವೆ. ಗರಸು ಪದರವನ್ನು ಹಗೇವು ಎಂದುಕೊಂಡರೆ, ಬಿರುಕುಗಳು ಆ ಹಗೇವಿನಿಂದ ಧಾನ್ಯ ತೆಗೆಯುವ ಕಿರುಬಾಯಿಗಳು. ಹಗೇವು ಬರಿದಾದ ಮೇಲೆ ಬಾಯನ್ನು ಎಷ್ಟು ಆಳಕ್ಕೆ ಕೊರೆದರೂ ಕಾಳು ಹೆಚ್ಚುವುದಿಲ್ಲ. ಇದರ ಜೊತೆಗೆ, ಕರಿಕಲ್ಲೆಂದು ಜನ ಕರೆಯುವ ಡಾಲರೈಟ್ ಶಿಲೆಯ ಡೈಕುಗಳು, ಅಂದರೆ ಹಳೆಯ ಬಿರುಕುಗಳಲ್ಲಿ ಶಿಲಾರಸ ನುಗ್ಗಿ ಗೋಡೆಯಂತೆ ಹೆಪ್ಪುಗಟ್ಟಿದ ಪಟ್ಟಿಗಳು, ಕೆಲವೆಡೆ ನೆಲದಡಿಯ ಒಡ್ಡುಗಳಾಗಿ ನಿಂತು ಮೇಲುಗಡೆಯ ಬಾವಿಯಲ್ಲಿ ನೀರು ನಿಲ್ಲಿಸಿ ಕೆಳಗಡೆಯ ಬಾವಿಯನ್ನು ಒಣಗಿಸುತ್ತವೆ. ಪಕ್ಕದ ಹೊಲದಲ್ಲಿ ನೀರು ಸಿಕ್ಕಿ ತನ್ನ ಹೊಲದಲ್ಲಿ ಬರೀ ದೂಳೆದ್ದಾಗ ಹಣೆಬರಹವನ್ನು ಹಳಿಯುವ ರೈತನಿಗೆ ಈ ಕಲ್ಲಿನ ಗೋಡೆಯ ನಕ್ಷೆಯನ್ನು ತೋರಿಸಬಲ್ಲ ವಿಜ್ಞಾನ ಇದೆ. ಹಳ್ಳಿಯ ಸರ್ವೆ ನಂಬರಿನ ಅಳತೆಗೆ ಇಳಿದು ಬಂದ ನಕ್ಷೆ ಅವನ ಕೈಗೆ ಸಿಗಬೇಕಾಗಿದೆ.

ಒಂದು ಸರಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಈ ಸೀಮೆಯ ವಾರ್ಷಿಕ ಮಳೆ ಸುಮಾರು 700 ಮಿಲಿಮೀಟರ್. ಅದರಲ್ಲಿ ಹತ್ತನೆಯ ಒಂದು ಪಾಲು, ಅಂದರೆ 70 ಮಿಲಿಮೀಟರ್, ಅಂತರ್ಜಲಕ್ಕೆ ಸೇರುತ್ತದೆಂದೂ, ಗರಸು ಪದರ ತನ್ನ ಗಾತ್ರದ ನೂರಕ್ಕೆ ಎರಡರಷ್ಟು ನೀರನ್ನು ಮಾತ್ರ ಬಿಟ್ಟುಕೊಡಬಲ್ಲುದೆಂದೂ ಇಟ್ಟುಕೊಂಡರೆ, ಒಳ್ಳೆಯ ಮಳೆಗಾಲದಲ್ಲಿ ಬಾವಿಯ ನೀರು ಮೂರೂವರೆ ಮೀಟರ್ ಏರುತ್ತದೆ. ಇನ್ನೊಂದು ಕಡೆ, ಕಬ್ಬಿಗೆ ಮಳೆಯ ಜೊತೆಗೆ ಬಾವಿಯಿಂದ 1,400 ಮಿಲಿಮೀಟರ್ ಹಾಯಿಸಬೇಕಾಯಿತೆಂದು ಭಾವಿಸಿದರೆ, ಒಂದು ಎಕರೆ ಕಬ್ಬು ಇಪ್ಪತ್ತು ಎಕರೆ ನೆಲದ ಮರುಪೂರಣವನ್ನು ಕುಡಿಯುತ್ತದೆ. ಮಳೆಯೊಂದನ್ನೇ ನಂಬಿದ ಹಳ್ಳಿಯಲ್ಲಿ ಈ ಲೆಕ್ಕ ಹೊಂದುವುದಿಲ್ಲ, ಹೊಂದುವ ಹಾಗೆ ಕಾಣುವುದು ನಾಲೆಯ ಅಕ್ಕಪಕ್ಕದಲ್ಲಿ ಮಾತ್ರ, ಏಕೆಂದರೆ ಅಲ್ಲಿ ಬಾವಿಗೆ ಇಳಿಯುವುದು ಬರಿಯ ಮಳೆನೀರಲ್ಲ.

ಹೀಗೆ ಮಾತು ಕನ್ನಂಬಾಡಿಯ ಅಣೆಕಟ್ಟೆಗೆ ಬರುತ್ತದೆ. 1911ರಲ್ಲಿ ಆರಂಭವಾಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಪೂರ್ಣಗೊಂಡ ಕೃಷ್ಣರಾಜಸಾಗರದ ಸಂಗ್ರಹ 49.45 ಟಿಎಂಸಿ, ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅದರ ನೀರನ್ನು ಹುಲಿಕೆರೆಯ ಬಳಿ ಬಂಡೆಯೊಳಗೆ ಕೊರೆದ ಸುರಂಗದ ಮೂಲಕ ಮಂಡ್ಯದ ಬಯಲಿಗೆ ತಂದ ಇರ್ವಿನ್ ನಾಲೆ ಇಂದು ವಿಶ್ವೇಶ್ವರಯ್ಯ ನಾಲೆಯಾಗಿದೆ. 1933ರಲ್ಲಿ ಸಕ್ಕರೆ ಕಾರ್ಖಾನೆ, 1939ರಲ್ಲಿ ಹೊಸ ಜಿಲ್ಲೆ, ಇವೆಲ್ಲ ಆ ನೀರಿನ ಬೆನ್ನಿಗೇ ಬಂದವು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ, ಒಂದು ನೀರಾವರಿಯದು ಇನ್ನೊಂದು ಒಣಬೇಸಾಯದ್ದು, ನಾಲೆ ಬಂದ ಮೇಲೆ ಜನರ ಬದುಕು ಹೇಗೆ ಬೇರೆ ಬೇರೆ ದಾರಿ ಹಿಡಿಯಿತೆಂದು ಅಧ್ಯಯನ ಮಾಡಿ 1962ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಸಮಾಜಶಾಸ್ತ್ರ ನೆಲದ ಮೇಲೆ ಮಾಡಿದ ಆ ಹೋಲಿಕೆಯನ್ನು ಭೂವಿಜ್ಞಾನ ನೆಲದ ಕೆಳಗೆ, ಅಷ್ಟೇ ತಾಳ್ಮೆಯಿಂದ, ಹಳ್ಳಿ ಹಳ್ಳಿಯ ಬಾವಿಗಳನ್ನು ಹಿಡಿದು ಮಾಡಬೇಕಾಗಿದೆ.

ನಾಲೆಯ ನೀರು ಅಡಿಯಲ್ಲಿ ಇಳಿದು ಸಂಪತ್ತಾಗುವ ಹಾಗೆಯೇ ಸಂಕಟವೂ ಆಗಬಲ್ಲುದು. ತಗ್ಗಿನ ಗದ್ದೆಗಳಲ್ಲಿ ಬಸಿಗಾಲುವೆ ಹೂಳು ತುಂಬಿ ಮುಚ್ಚಿಹೋದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಏರಿ ನೆಲ ಜೌಗಾಗುತ್ತದೆ. ನೈಸ್ ಶಿಲೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ನೀರಿನೊಡನೆ ನಿಧಾನವಾಗಿ ಕರಗಿ ಜೇಡಿಯಾಗುವಾಗ ಸೋಡಿಯಂ, ಕ್ಯಾಲ್ಸಿಯಂಗಳನ್ನು ನೀರಿಗೆ ಬಿಡುತ್ತದೆ. ಆ ನೀರು ಮಣ್ಣಿನ ಸಣ್ಣ ರಂಧ್ರಗಳ ಮೂಲಕ ಮೇಲೇರಿ ಬಿಸಿಲಿಗೆ ಆರಿದಾಗ ಲವಣ ಹಿಂದೆ ಉಳಿದು, ರೈತರು ಚೌಳು ಎನ್ನುವ ಬಿಳಿ ಪೊರೆ ಕಟ್ಟುತ್ತದೆ. ಸೋಡಿಯಂ ಹೆಚ್ಚಾದಲ್ಲಿ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣು ನೆನೆದಾಗ ಅಂಟಾಗಿಯೂ ಒಣಗಿದಾಗ ಕಲ್ಲಾಗಿಯೂ ವರ್ತಿಸುತ್ತದೆ. ಜಿಪ್ಸಂ ಹಾಕುವ ಪದ್ಧತಿಯ ಗುಟ್ಟು ಅದರ ಕ್ಯಾಲ್ಸಿಯಂ ಈ ಸೋಡಿಯಮ್ಮನ್ನು ಜರುಗಿಸುವುದರಲ್ಲಿದೆ. ಆದರೆ ಜರುಗಿದ ಸೋಡಿಯಂ ಹರಿದು ಹೋಗಲು ಬಸಿಗಾಲುವೆ ಇಲ್ಲದಿದ್ದರೆ ಹಾಕಿದ ಜಿಪ್ಸಂ ವ್ಯರ್ಥ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆಗೆ ರೂಪಿಸಿದ್ದ ಬ್ಲಾಕ್ ಪದ್ಧತಿ, ಒಂದೇ ಕಡೆ ನೀರು ನಿಲ್ಲಿಸದೆ ಹೆಚ್ಚು ಹಳ್ಳಿಗಳಿಗೆ ಹಂಚಿ, ಬೆಳೆಗಳನ್ನು ಸರದಿಯ ಮೇಲೆ ಬದಲಾಯಿಸುವ ಕ್ರಮವಾಗಿತ್ತು. ಅದರ ಹಿಂದಿದ್ದ ವಿವೇಕ ಮಣ್ಣಿನ ಆರೋಗ್ಯದ ವಿವೇಕವೂ ಆಗಿತ್ತೆಂಬುದನ್ನು ನೀರನ್ನು ಸರದಿಯಂತೆ ಬಿಟ್ಟು ನಿಲ್ಲಿಸುವ ಇಂದಿನ ಕಟ್ಟುನೀರಿನ ಚರ್ಚೆಗಳಲ್ಲಿ ನೆನಪಿಡುವುದು ಒಳ್ಳೆಯದು.

ಈಗ ನಾಲೆಗಳ ಒಳಮೈಗೆ ಕಾಂಕ್ರೀಟ್ ಹಾಸುವ ಆಧುನೀಕರಣವನ್ನು ನೋಡಬೇಕು. ಕಡೆಭಾಗದ ರೈತನಿಗೆ ನೀರು ತಲುಪಬೇಕಾದರೆ ಇದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲೆಯ ದಂಡೆಯ ಆಚೆಗಿನ ಹಳ್ಳಿ, ಅಚ್ಚುಕಟ್ಟಿಗೆ ಸೇರದಿದ್ದರೂ ಸೋರಿದ ನೀರಿನಿಂದಲೇ ತನ್ನ ಬಾವಿಯನ್ನು ತುಂಬಿಸಿಕೊಂಡಿದ್ದರೆ, ಉಳಿಸಿದ ನೀರಿನ ಒಂದು ಪಾಲು ಆ ಹಳ್ಳಿಯಿಂದ ತೆಗೆದುಕೊಂಡದ್ದೇ ಆಗುತ್ತದೆ. ಜೌಗು ಹಿಡಿದ ಕಡೆ ಸೋರಿಕೆ ತಡೆಯುವುದೂ, ಬಾವಿಗಳೇ ಆಧಾರವಾದ ಕಡೆ ನಾಲೆಯಿಂದ ಕೆರೆಕಟ್ಟೆಗಳಿಗೆ ನೀರು ಬಿಟ್ಟು ಇಂಗಿಸುವುದೂ ಒಂದೇ ಯೋಜನೆಯ ಎರಡು ಕೆಲಸಗಳಾಗಬೇಕು. ಎಲ್ಲಿ ಯಾವುದೆಂದು ಹೇಳುವ ಹೊಣೆ ಭೂವಿಜ್ಞಾನದ್ದು.

ಈ ಮಾತು ಹಳ್ಳಿಯ ಮಟ್ಟದ್ದು ಮಾತ್ರವಲ್ಲ. ಕಾವೇರಿ ವಿವಾದದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರವರಿ 16ರಂದು ನೀಡಿದ ತೀರ್ಪಿನಲ್ಲಿ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಾಯಿತು, ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿನ ನೆಲೆಯಲ್ಲಿ ಬಂದರೆ, ಉಳಿದ 10 ಟಿಎಂಸಿ ತಮಿಳುನಾಡಿನ ನದೀಮುಖಜ ಭೂಮಿಯ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದುದರಿಂದ ಬಂತು. ಹೊಳೆಯಲ್ಲಿ ಹರಿಯುವ ನೀರನ್ನೂ ನೆಲದಡಿಯ ನೀರನ್ನೂ ಒಟ್ಟಿಗೆ ನೋಡಬೇಕೆಂಬ ಜಲವಿಜ್ಞಾನದ ಮೂಲ ಮಾತು ಅಲ್ಲಿ ನ್ಯಾಯದ ಮಾತಾಯಿತು. ಕಾವೇರಿಗಾಗಿ ಬೀದಿಗಿಳಿದು ಹೋರಾಡಿದ ಮಂಡ್ಯದ ಜನ, ತಮ್ಮ ಅಂತರ್ಜಲದ ಲೆಕ್ಕವೂ ಅಷ್ಟೇ ಬೆಲೆಯುಳ್ಳದ್ದೆಂಬುದಕ್ಕೆ ಈ ತೀರ್ಪಿಗಿಂತ ದೊಡ್ಡ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ.

ಮಳವಳ್ಳಿಯ ಕಡೆಗೆ ಬಂದರೆ ನೆಲದ ಇನ್ನೊಂದು ಮುಖ ಕಾಣುತ್ತದೆ. ಪ್ರಸ್ಥಭೂಮಿಯ ಮೇಲೆ ಸಾವಕಾಶವಾಗಿ ಹರಿದು ಬಂದ ಕಾವೇರಿ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಥಟ್ಟನೆ ಧುಮುಕುವುದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿದ್ದ ಕೆ. ಎಸ್. ವಲ್ದಿಯಾ ಪ್ರಮುಖರು. ಆಗ್ನೇಯ ಕರ್ನಾಟಕದ ಹಳೆಯ ಸ್ತರಭಂಗಗಳು, ಅಂದರೆ ಬಂಡೆ ಸೀಳಿ ಒಂದು ಬದಿ ಇನ್ನೊಂದರಿಂದ ಜರುಗಿದ ರೇಖೆಗಳು, ಭೂ ಇತಿಹಾಸದ ಇತ್ತೀಚಿನ ಕಾಲದಲ್ಲೂ ಮಿಸುಕಿದ್ದು ನದಿಗಳ ನಡೆಯನ್ನು ಬದಲಿಸಿದೆಯೆಂದು ಅವರು ವಾದಿಸಿದರು. ಆ ಧುಮುಕಿನಿಂದಲೇ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ಇಂದು ಅದೇ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರು ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ ಬೆಂಗಳೂರು ಸೇರುತ್ತಿದೆ, 2024ರ ಅಕ್ಟೋಬರಿನಲ್ಲಿ ಆ ನೀರು ಸರಬರಾಜು ಯೋಜನೆಯ ಐದನೆಯ ಘಟ್ಟವೂ ಆರಂಭವಾಗಿದೆ. ಮಹಾನಗರಕ್ಕೆ ನೀರೆತ್ತುವ ತಾಲ್ಲೂಕಿನಲ್ಲೇ ಕೊಳವೆಬಾವಿಯ ಆಳ ಹೆಚ್ಚುತ್ತ ಹೋಗುವುದು, ಆಳದಲ್ಲಿ ಬಹುಕಾಲ ಬಂಡೆಗೆ ಒರಗಿ ನಿಂತ ನೀರು ಅಭ್ರಕ, ಅಪಟೈಟ್ ಮೊದಲಾದ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಂಡು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟುವ ಅಪಾಯಕ್ಕೆ ಮಕ್ಕಳ ಹಲ್ಲು, ಹಿರಿಯರ ಮೂಳೆ ಗುರಿಯಾಗುವುದು ಮನಸ್ಸನ್ನು ಕಲಕುವ ಸಂಗತಿ.

ಆದರೆ ನೀರು ನಿಲ್ಲುವ ಜಾಗವನ್ನು ಬಲ್ಲ ಕಣ್ಣೂ ಇದೇ ತಾಲ್ಲೂಕಿನಲ್ಲಿತ್ತು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಕುಂದಿನಿಬೆಟ್ಟದಲ್ಲಿ ತಮ್ಮ ಕೈಯಾರೆ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ಕಟ್ಟಿ 2022ರಲ್ಲಿ ತೀರಿಕೊಂಡರು. ಮಣ್ಣು ತೆಳುವಾಗಿ ಬಂಡೆ ಹತ್ತಿರವಿರುವ ಬೆಟ್ಟದಲ್ಲಿ ನೀರು ಇಂಗುವ ಜಾಗಕ್ಕಿಂತ ನಿಲ್ಲುವ ಜಾಗವೇ ಹೆಚ್ಚು. ಕುರಿಯ ಹಿಂದೆ ಅಲೆದ ಕಣ್ಣು ಆ ಜಾಗಗಳನ್ನು ಗುರುತಿಸಿತ್ತು. ಇಂಥ ತಿಳಿವಳಿಕೆಯನ್ನು ಶ್ಲಾಘಿಸಿ ಸುಮ್ಮನಾಗದೆ, ಅದನ್ನು ನಕ್ಷೆಗೆ ಇಳಿಸುವುದು ವಿಜ್ಞಾನಕ್ಕೆ ತಕ್ಕ ಗೌರವದ ಕೆಲಸ.

ಇಂಥ ದಾಖಲೆ ಗಣಿಯ ಮಾತು ಬಂದಾಗಲೂ ಬೇಕಾಗುತ್ತದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ–ಅಲ್ಲಾಪಟ್ಣ ಪ್ರದೇಶದ ಪೆಗ್ಮಟೈಟ್ ಶಿಲೆಯಲ್ಲಿ, ಅಂದರೆ ದೊಡ್ಡ ಹರಳುಗಳ ಗ್ರಾನೈಟ್ ಪಟ್ಟಿಯಲ್ಲಿ, ಪರಮಾಣು ಖನಿಜ ನಿರ್ದೇಶನಾಲಯ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಮುಂದಿಟ್ಟಾಗ ಎದ್ದ ಉತ್ಸಾಹ ಸಹಜವೇ. ಆದರೆ ಅದು ಪ್ರಾಥಮಿಕ ಅಂದಾಜೆಂಬುದನ್ನೂ, ಗಣಿಗೆ ಮೊದಲು ಸುತ್ತಲ ಬಾವಿಗಳ ಸ್ಥಿತಿಯನ್ನು ದಾಖಲಿಸಿಕೊಳ್ಳಬೇಕೆಂಬುದನ್ನೂ ಮರೆಯಬಾರದು.

ನೆಲ ಮತ್ತು ನೀರನ್ನು ಒಟ್ಟಿಗೆ ಅಳೆಯುವುದಕ್ಕೆ ದಾರಿ ತೋರುವ ಅಧ್ಯಯನಗಳು ಹತ್ತಿರದಲ್ಲೇ ಇವೆ. ಭಾರತೀಯ ವಿಜ್ಞಾನ ಸಂಸ್ಥೆಯ ಮತ್ತು ಫ್ರಾನ್ಸಿನ ಸಂಶೋಧಕರು ಬಂಡೀಪುರದ ಕಾಡಿನ ಮೂಲೆಹೊಳೆಯಲ್ಲೂ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲೂ ಮಳೆ, ಮಣ್ಣು, ಬೇರು, ಬಾವಿಗಳನ್ನು ವರ್ಷಗಟ್ಟಲೆ ಒಟ್ಟಿಗೆ ಅಳೆದಿದ್ದಾರೆ. ಅರ್ಕಾವತಿ ನದಿ ಬತ್ತಿದ್ದಕ್ಕೆ ಮಳೆಯ ಕೊರತೆಗಿಂತ ಅಂತರ್ಜಲದ ಬಳಕೆ ಮತ್ತು ನೀಲಗಿರಿ ತೋಪುಗಳು ಹೆಚ್ಚು ಕಾರಣವಿರಬಹುದೆಂದು ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ನಾಲೆಯ ನೀರಾವರಿ ಇರುವ ಗಟ್ಟಿ ಶಿಲೆಯ ಸೀಮೆಯಲ್ಲಿ ಅಂಥ ದೀರ್ಘ ಅಳತೆ ನಡೆಯಬೇಕಾದದ್ದು ಇಲ್ಲಿ.

ಅದಕ್ಕಾಗಿ ಸಮಾವೇಶದ ಮುಂದೆ ಒಂದು ಸಣ್ಣ ಪ್ರಸ್ತಾಪವಿದೆ. ನಾಲೆಯ ಮೇಲ್ಭಾಗದ ಒಂದು ಹಳ್ಳಿ, ಮದ್ದೂರಿನ ಬಳಿ ಗದ್ದೆಯ ಬಸಿನೀರು ಶಿಂಷಾ ಹೊಳೆಗೆ ಸೇರುವ ಒಂದು ಹಳ್ಳಿ, ಮಳವಳ್ಳಿಯ ಮಳೆಯಾಶ್ರಿತ ಒಂದು ಹಳ್ಳಿ, ಈ ಮೂರನ್ನು ಆರಿಸಿಕೊಂಡು, ನಾಲೆಗೆ ನೀರು ಬಿಡುವ ಹಿಂದಿನ ವಾರ, ಬೆಳೆಯ ನಡುವೆ, ನಾಲೆ ನಿಂತ ಒಂದು ತಿಂಗಳ ಮೇಲೆ, ಒಂದೇ ದಿನ ಮೂರೂ ಕಡೆಯ ತೆರೆದ ಬಾವಿಗಳಲ್ಲಿ ನೀರಿನ ಮಟ್ಟವನ್ನೂ ಲವಣವನ್ನೂ ಅಳೆಯಬೇಕು. ಅಳತೆಯ ಟೇಪು ಹಿಡಿಯಲು ಊರಿನ ಶಾಲೆಯ ಮಕ್ಕಳೂ ಮೇಷ್ಟರೂ ಸಾಕು, ಅಂಕಿಗಳನ್ನು ಕನ್ನಡದಲ್ಲಿ ಬರೆದು ಪಂಚಾಯಿತಿಯ ಗೋಡೆಗೆ ಹಚ್ಚಬೇಕು. ಇಂಥ ಬಾವಿಗಳಲ್ಲಿ ಹಲವು ಈಗ ಹಾಳುಬಿದ್ದು ಕಸದ ಗುಂಡಿಗಳಾಗಿರುವುದರಿಂದ ಮೊದಲು ಹೂಳೆತ್ತುವ ಕೆಲಸ ಆಗಬೇಕು. ನಾಲೆ ನಿಂತಿರುವ ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಿರುವಾಗ ಅದನ್ನು ಮುಗಿಸಿಕೊಂಡರೆ, ಮುಂಗಾರಿಗೆ ತೂಬು ಎತ್ತುವ ಹೊತ್ತಿಗೆ ಮೊದಲ ಅಳತೆ ಸಿದ್ಧವಿರುತ್ತದೆ.